ತೊಳೆದ ಬಾಟಲಿ

ನಮ್ಮ ಓಣಿಯ ನೀರು ಕುಡಿಯಲು ಯೋಗ್ಯ ಎಂದು ಹನ್ನೊಂದು ವರ್ಷ ಸಾಕ್ಷಿ ಹೇಳಿದವನು ನಾನು. ಬಾಯಿಂದ ಹೇಳಲಿಲ್ಲ. ಬಾಟಲಿಯಿಂದ ಹೇಳಿದೆ.

ನನ್ನ ಕೆಲಸ ನೀರು ಬಿಡುವುದು. ಊರಿನ ರಸ್ತೆಗಳ ಕೆಳಗೆ ನೂರ ಹದಿನಾರು ವಾಲ್ವುಗಳಿವೆ. ಯಾವುದು ಎಷ್ಟು ಸುತ್ತು ತಿರುಗುತ್ತದೆ, ಯಾವುದರ ಹಲ್ಲು ಸವೆದಿದೆ, ಯಾವ ಗುಂಡಿಯಲ್ಲಿ ಎದೆಮಟ್ಟ ಕೊಳಚೆ ನಿಂತಿರುತ್ತದೆ, ಎಲ್ಲ ನನಗೆ ಗೊತ್ತು. ಕೊಳಚೆಗೆ ಇಳಿದು, ಕಾಲಲ್ಲಿ ತಡಕಿ, ಉಸಿರು ಕಟ್ಟಿ ಬಗ್ಗಿ, ಕೀಲಿ ಕೂರಿಸಿ ತಿರುಗಿಸಬೇಕು. ಮೂವತ್ತೊಂದು ವರ್ಷ ಹಾಗೆ ತಿರುಗಿಸಿದ್ದೇನೆ. ನನ್ನ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿದೆ.

ಇಡೀ ಊರಿಗೆ ನೀರು ಬಿಟ್ಟು ಕಚೇರಿಗೆ ಹೋಗಿ ಬಾಯಾರಿಕೆ ಎಂದರೆ, ಅಲ್ಲಿನ ಜವಾನ ಚೊಂಬು ಎತ್ತಿ ಮೇಲಿಂದ ನನ್ನ ಬೊಗಸೆಗೆ ಸುರಿಯುತ್ತಿದ್ದ. ಲೋಟ ಕೊಡುತ್ತಿರಲಿಲ್ಲ. ಯಾಕೆಂದರೆ ನಾನು ಮೋರಿ ಬಳಿಯುವವರ ಓಣಿಯವನು. ಅಪ್ಪ ಮೋರಿ ಬಳಿದ. ನನ್ನ ಮಗನೂ ಅದನ್ನೇ ಮಾಡುತ್ತಾನೆ. ನಡುವೆ ನಾನೊಬ್ಬ ಕುಡಿಯುವ ನೀರಿಗೆ ಬಂದೆ.

ಆ ಬೊಗಸೆಯ ಪದ್ಧತಿ ಮುರಿದವರು ಇಂಜಿನಿಯರ್ ಸಾಹೇಬರು. ಕೆಲಸಕ್ಕೆ ಬಂದಾಗ ಅವರಿಗಿನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಕಚೇರಿಯಲ್ಲಿದ್ದ ನಕ್ಷೆಯನ್ನು ಇಲಿ ತಿಂದಿತ್ತು. ನಾನು ಅವರನ್ನು ಮೂರು ತಿಂಗಳು ಊರೆಲ್ಲ ನಡೆಸಿ, ಕಾಲಿಂದ ನೆಲ ತಟ್ಟಿ, ಇಲ್ಲಿ ಕೊಳವೆ ಎಡಕ್ಕೆ ತಿರುಗುತ್ತದೆ, ಇಲ್ಲಿ ಎರಡಾಗುತ್ತದೆ ಎಂದು ಬರೆಸಿದೆ. ಒಂದು ದಿನ ಕಚೇರಿಯಲ್ಲಿ ತಮ್ಮ ಮುಂದಿದ್ದ ಲೋಟವನ್ನೇ ನನ್ನ ಕಡೆ ತಳ್ಳಿದರು.

"ಕುಡಿ ಅಜ್ಜ. ನಿನ್ನ ನೀರು ಕುಡಿದೇ ಇವರೆಲ್ಲ ಬದುಕಿರೋದು. ಬೊಗಸೆ ಯಾಕೆ?"

ಜವಾನನ ಮುಖ ಇಂಗು ತಿಂದ ಮಂಗನಂತಾಯಿತು. ಆ ಒಂದು ಲೋಟಕ್ಕೆ ನಾನು ಮಾರಿಹೋದೆ. ಅವರು ಹಾಕಿದ ಗೆರೆ ದಾಟಲಿಲ್ಲ.

ಬಾಟಲಿಯ ಕೆಲಸ ಕೊಟ್ಟವರೂ ಅವರೇ. ತಿಂಗಳಿಗೊಮ್ಮೆ ಜಿಲ್ಲೆಯ ಲ್ಯಾಬಿನಿಂದ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಹನ್ನೆರಡು ಗಾಜಿನ ಬಾಟಲಿ. ಊರಿನ ಹನ್ನೆರಡು ಕಡೆ ನಲ್ಲಿಯಿಂದ ನೀರು ತುಂಬಿ, ಓಣಿಯ ಹೆಸರು ಬರೆದ ಚೀಟಿ ಅಂಟಿಸಿ, ಅದಕ್ಕೆ ಸಹಿ ಹಾಕಿ ಕಳಿಸಬೇಕು. ನೀರಿನಲ್ಲಿ ರೋಗದ ಹುಳ ಇದೆಯೋ ಇಲ್ಲವೋ ಅವರು ನೋಡಿ ಬರೆಯುತ್ತಾರೆ. ನನಗೆ ಆ ಕೆಲಸ ಕೊಟ್ಟ ದಿನ ಗುಮಾಸ್ತ ಎಲ್ಲರ ಮುಂದೆಯೇ ಕೇಳಿದ್ದ: "ಇವನ ಕೈಯಲ್ಲಾ ಸಾರ್? ಹುಳ ಸಿಕ್ಕಿದರೆ ನೀರಿನದೋ ಇವನ ಕೈದೋ ಹೇಗೆ ಗೊತ್ತಾಗುತ್ತೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಆ ನಗು ಮಾತ್ರ ಕೈಯಿಂದ ಹೋಗಲಿಲ್ಲ. ಬಾಟಲಿ ತುಂಬುವ ದಿನ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿಕೊಳ್ಳುತ್ತಿದ್ದೆ. ಬಾಟಲಿಯ ಮುಚ್ಚಳ ತೆಗೆದರೆ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ ಅಂಟಿರುತ್ತಿತ್ತು. ಲ್ಯಾಬಿನವರು ಸರಿಯಾಗಿ ತೊಳೆಯದೆ ಕಳಿಸಿದ್ದಾರೆ ಅಂದುಕೊಂಡೆ. ಯಾರದೋ ಗಲೀಜಿಗೆ ನನ್ನ ಕೈಗೆ ಹೆಸರು ಬರಬಾರದು. ಒಂದೊಂದು ಬಾಟಲಿಯನ್ನೂ ಮೂರು ಸಲ ಕುಲುಕಿ ತೊಳೆದೆ. ಬಿಳಿ ಪುಡಿಯ ಗುರುತೂ ಉಳಿಯದಂತೆ ತೊಳೆದೆ. ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ತುಂಬಿದೆ.

ಪೆಟ್ಟಿಗೆಯ ಮೇಲೆ ಒಂದು ಚೀಟಿ ಇರುತ್ತಿತ್ತು. ಅದು ನನಗೆ ಬಾರದ ಅಕ್ಷರದಲ್ಲಿತ್ತು. ನಾನು ಕಲಿತದ್ದು ಎರಡನೇ ಕ್ಲಾಸು. ನಮ್ಮ ಅಕ್ಷರವನ್ನೇ ಕೂಡಿಸಿ ಕೂಡಿಸಿ ಓದುವವನು.

ವರದಿ ಬಂತು. ಹನ್ನೆರಡೂ ಕಡೆ ಯೋಗ್ಯ. ಮರುತಿಂಗಳೂ ಯೋಗ್ಯ. ಹನ್ನೊಂದು ವರ್ಷ ಯೋಗ್ಯ.

ನಮ್ಮ ಓಣಿಯ ಕೊಳವೆ ಮಾತ್ರ ಯೋಗ್ಯವಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಹಳೆಯ ಕಬ್ಬಿಣದ ಕೊಳವೆ. ನಲವತ್ತು ಹೆಜ್ಜೆ ಉದ್ದ ಮೋರಿಯೊಳಗೇ ಮಲಗಿದೆ. ನಮಗೆ ನೀರು ಬರುವುದು ದಿನ ಬಿಟ್ಟು ದಿನ, ಒಂದು ಗಂಟೆ. ನೀರು ನಿಂತ ಮೇಲೆ ಖಾಲಿ ಕೊಳವೆ ಸುಮ್ಮನಿರುವುದಿಲ್ಲ, ಉಸಿರು ಒಳಗೆ ಎಳೆಯುತ್ತದೆ. ತೂತಿದ್ದರೆ ಸುತ್ತ ಇರುವುದನ್ನೇ ಕುಡಿಯುತ್ತದೆ. ಸುತ್ತ ಇರುವುದು ಊರಿನ ಹೊಲಸು. ಇದನ್ನು ಪ್ರತಿ ವರ್ಷ ಸಾಹೇಬರಿಗೆ ಹೇಳುತ್ತಿದ್ದೆ. ಕೊಳವೆಯನ್ನು ಮೋರಿಯಿಂದ ಎತ್ತಿ ಮೇಲೆ ಹಾಕಿಸಿ ಎಂದು ಕೈಮುಗಿಯುತ್ತಿದ್ದೆ.

"ನನಗೆ ಗೊತ್ತಿಲ್ವಾ ಅಜ್ಜ? ಆದರೆ ವರದಿ ಸರಿ ಬರ್ತಿದೆಯಲ್ಲ. ವರದೀಲಿ ತಪ್ಪು ಬಂದರೆ ತಾನೇ ಮೇಲಿನವರು ಹೊಸ ಕೊಳವೆಗೆ ಒಪ್ಪೋದು? ನೀನು ತುಂಬಿದ ನೀರು, ನಿನ್ನದೇ ಓಣಿ. ಸುಳ್ಳು ಬರುತ್ತಾ?"

ಬರುವುದಿಲ್ಲ ಅಂದುಕೊಂಡೆ. ನಮ್ಮ ಕಬ್ಬಿಣವೇ ಗಟ್ಟಿ ಇರಬೇಕು ಅಂದುಕೊಂಡೆ.

ಎರಡು ವರ್ಷದಿಂದ ಈಚೆಗೆ ಲ್ಯಾಬಿನಿಂದ ವರದಿಯ ಜೊತೆ ಬೇರೆ ಲಕೋಟೆಯೂ ಬರುತ್ತಿತ್ತು. ಪೆಟ್ಟಿಗೆ ಒಯ್ದು ತರುವ ಕಚೇರಿಯ ಜೀಪಿನವನು ತಂದುಕೊಟ್ಟದ್ದನ್ನು ನಾನೇ ಸಾಹೇಬರ ಮೇಜಿಗೆ ಮುಟ್ಟಿಸುತ್ತಿದ್ದೆ. ಮೊದಲನೆಯದನ್ನು ಒಡೆದು ಓದಿ ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

"ಏನಂತೆ ಸಾಹೇಬರೇ?"

"ನಿನ್ನ ಬಗ್ಗೇನೇ ಬರೆದಿದ್ದಾರೆ ಅಜ್ಜ. ಬಾಟಲಿ ಇಷ್ಟು ಚೆನ್ನಾಗಿ ತೊಳೆದು ಕಳಿಸೋರು ಬೇರೆ ಯಾವ ಊರಲ್ಲೂ ಇಲ್ಲವಂತೆ. ಹೀಗೇ ಮಾಡು."

ಅಂಥ ಲಕೋಟೆ ಮೂರು ಬಂದವು. ಮೂರಕ್ಕೂ ಅದೇ ಮಾತು. ನಾನು ಮನೆಗೆ ಬಂದು ಹೇಳಿದೆ. ಸೊಸೆ ಬಿದ್ದು ಬಿದ್ದು ನಕ್ಕಳು. "ಮಾವನಿಗೆ ಪದವಿ ಬಂತು! ಇನ್ನು ಮನೆ ಪಾತ್ರೆಯನ್ನೂ ಮಾವನೇ ತೊಳೀಲಿ, ಜಿಲ್ಲೆಗೇ ಹೆಸರುವಾಸಿ." ಹೇಳಿದ್ದಷ್ಟೇ ಅಲ್ಲ, ಒಂದು ಬೋಗುಣಿ ತಂದು ನನ್ನ ಮುಂದೆ ಇಟ್ಟೂ ಬಿಟ್ಟಳು. ತೊಳೆದುಕೊಟ್ಟೆ.

ಅವಳು ಏಳು ತಿಂಗಳ ಬಸುರಿ. ಮೊದಲು ಊಟ ಸೇರದಾಯಿತು. ಬಸುರಿಗೆ ಇದ್ದದ್ದೇ ಅಂದರು. ಆಮೇಲೆ ಕಣ್ಣು ಹಳದಿಯಾಯಿತು. ಉಗುರು ಹಳದಿಯಾಯಿತು. ಐದನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ನನ್ನ ಮಗನ ಗುರುತೂ ಸಿಗಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಮಾತು: "ಯಾವ ನೀರು ಕುಡೀತೀರಿ?" ಏಳನೆಯ ದಿನ ಅವಳೂ ಹೋದಳು, ಹೊಟ್ಟೆಯಲ್ಲಿದ್ದುದೂ ಹೋಯಿತು. ಅದೇ ವಾರ ಓಣಿಯಲ್ಲಿ ಇನ್ನಿಬ್ಬರು. ಹಳದಿ ಕಣ್ಣಿನವರು ಹದಿನಾಲ್ಕು ಮಂದಿ.

ಹೆಂಗಸರು ಕೊಡ ಎತ್ತಿಕೊಂಡು ಕಚೇರಿಗೆ ನುಗ್ಗಿದರು. ಮುಂದೆ ನಿಂತವಳು ಪಕ್ಕದ ಮನೆಯವಳು. ಅವಳ ದನಿಗೆ ಓಣಿಯಲ್ಲಿ ಅವಳನ್ನು ಗಂಟೆಯಕ್ಕ ಅನ್ನುತ್ತಾರೆ. ಬಾಯಿ ತೆರೆದರೆ ಮೂರು ಬೀದಿಗೆ ಕೇಳುತ್ತದೆ.

"ಹೊಲಸು ಕುಡಿಸಿ ಕೊಂದಿರಿ! ಬನ್ನಿ, ನಮ್ಮ ನಲ್ಲೀದು ಒಂದು ಲೋಟ ನಿಮ್ಮ ಹೆಂಡತಿ ಮಕ್ಕಳಿಗೆ ಕುಡಿಸಿ ನೋಡೋಣ!"

ಸಾಹೇಬರು ಸಿಟ್ಟಾಗಲಿಲ್ಲ. ವರದಿ ತೆಗೆದು ತೋರಿಸಿದರು. ನಿಮ್ಮ ಓಣಿಯ ನೀರು ಯೋಗ್ಯ ಅಂತ ಇದೆ ನೋಡಮ್ಮ. ತುಂಬಿದವರು ಯಾರು? ನಾನಲ್ಲ. ನಿಮ್ಮವರೇ. ಅಲ್ಲೇ ನಿಂತಿದ್ದಾರಲ್ಲ, ಕೇಳಿ.

ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದಾ ಮಾವ?" ಗಂಟೆಯಕ್ಕನ ದನಿ ಅವತ್ತು ಮಾತ್ರ ಇಳಿದಿತ್ತು. "ನೀನೇ ತುಂಬಿದ್ದಾ?"

"ನಾನೇ ತುಂಬಿದ್ದು. ನಮ್ಮ ನಲ್ಲಿಯಿಂದಲೇ. ಸತ್ಯವಾಗಿ."

ಅವಳು ನೆಲಕ್ಕೆ ಉಗಿದಳು. "ಕೊಡಲಿ ಕಾವು ಕುಲಕ್ಕೆ ಸಾವು ಅಂತ ಸುಮ್ಮನೆ ಹೇಳಿಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ಆದರೂ ತಲೆ ಎತ್ತಲಾಗಲಿಲ್ಲ.

ಮೂರು ಸಾವಾದ್ದರಿಂದ ಮೇಲಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆ ಎಂದಾಯಿತು. ಅದಕ್ಕೆ ಹೊಸದಾಗಿ ನೀರು ತುಂಬಿ ಕಳಿಸಬೇಕಿತ್ತು. ಬಾಟಲಿಯ ದಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಜಾಸ್ತಿ ಹಾಕಿಸುವುದು ಸಾಹೇಬರ ರೂಢಿ. ಬೇರೆ ದಿನ ಅರ್ಧ ಬಕೆಟ್ಟು, ಆ ದಿನ ಎರಡು. ಈ ಸಲ ನಾಲ್ಕು ಹಾಕಿಸಿದರು. ನಲ್ಲಿ ತಿರುಗಿಸಿದರೆ ಕಣ್ಣು ಉರಿಯುತ್ತಿತ್ತು. ನಾನು ನಮ್ಮ ಓಣಿಯ ಬಾಟಲಿಯನ್ನು ಮೂರಲ್ಲ, ಐದು ಸಲ ತೊಳೆದೆ. ಸೊಸೆಯ ಸಾವಿನ ಸತ್ಯ ಇದರಲ್ಲಿ ಬರುತ್ತದೆ, ನನ್ನ ಕೈಯ ಕೊಳೆ ಇದಕ್ಕೆ ತಾಗಬಾರದು ಎಂದು ತೊಳೆದೆ.

ಜೀಪು ವಿಚಾರಣೆಯ ಓಡಾಟಕ್ಕೆ ಹೋಗಿತ್ತು. ಮರುದಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಬಸ್ಸಿನಲ್ಲಿ ಹೋದೆ. ಅಷ್ಟು ವರ್ಷದಲ್ಲಿ ಲ್ಯಾಬಿನ ಬಾಗಿಲು ನೋಡಿದ್ದು ಅದೇ ಮೊದಲು.

ಅಲ್ಲಿದ್ದದ್ದು ಒಬ್ಬ ಹೆಣ್ಣುಮಗಳು. ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ನಾನು ಹಿಡಿಯುವ ಹಾಗೆಯೇ ಹಿಡಿದಳು. ಆಮೇಲೆ ಮುಚ್ಚಳ ತೆಗೆದು ಮೂಸಿದಳು.

"ಇದನ್ನ ತುಂಬಿದ್ದು ಯಾರು?"

"ನಾನೇ ತಾಯಿ. ಚೆನ್ನಾಗಿ ತೊಳೆದು ತುಂಬಿದೀನಿ. ನೀವು ಕಾಗದದಲ್ಲಿ ಹೊಗಳಿ ಬರೀತಿದ್ರಂತಲ್ಲ, ಆ ಅಜ್ಜ ನಾನೇ."

ಅವಳು ಬಾಟಲಿ ಕೆಳಗಿಟ್ಟಳು.

"ಹೊಗಳಿದ್ದಾ? ನಾನಾ?"

"ಮೂರು ಸಲ ಬರೆದಿರಿ."

"ಕೂತ್ಕೊಳ್ಳಿ ಅಜ್ಜ," ಅಂದಳು. ಕುರ್ಚಿಯನ್ನು ತಾನೇ ಎಳೆದಳು. ಕಪಾಟಿನಿಂದ ಒಂದು ಫೈಲು ತಂದು ತೆರೆದು, ಬೆರಳಿಟ್ಟು, ನನಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿದಳು. ನಿಮ್ಮ ಊರಿನಿಂದ ಬರುವ ಬಾಟಲಿಗಳನ್ನು ಯಾರೋ ತೊಳೆದು ತುಂಬುತ್ತಿದ್ದಾರೆ. ಬಾಟಲಿಯನ್ನು ಯಾವ ಕಾರಣಕ್ಕೂ ತೊಳೆಯಬಾರದು. ತೊಳೆದರೆ ನಾವು ಕೊಡುವ ವರದಿಗೆ ಅರ್ಥವಿಲ್ಲ. ತುಂಬುವವರಿಗೆ ತಕ್ಷಣ ತಿಳಿಸಿ. ಮೂರೂ ಪತ್ರದಲ್ಲಿ ಅದೇ. ಮೂರನೆಯದರಲ್ಲಿ ಕೆಂಪು ಗೆರೆ ಎಳೆದಿತ್ತು.

"ಆ ಬಿಳಿ ಪುಡಿ ಗಲೀಜಲ್ಲ ಅಜ್ಜ. ನಾವೇ ಹಾಕಿ ಕಳಿಸೋದು. ಬ್ಲೀಚಿಂಗ್ ಹಾಕಿದ ನೀರು ಬಾಟಲಿಯೊಳಗೂ ಹುಳ ಸಾಯಿಸ್ತಾನೇ ಇರುತ್ತೆ. ಆ ಪುಡಿ ಇದ್ದರೆ ಬ್ಲೀಚಿಂಗ್ ಅಲ್ಲಿಗೇ ನಿಲ್ಲುತ್ತೆ, ನಲ್ಲೀಲಿ ಹೇಗಿತ್ತೋ ಹಾಗೇ ನೀರು ನಮಗೆ ಬರುತ್ತೆ. ನೀವು ಅದನ್ನ ತೊಳೆದು ಚೆಲ್ಲಿದಿರಿ. ಬಾಟಲಿ ಇಲ್ಲಿಗೆ ಬರೋ ಹೊತ್ತಿಗೆ ಹುಳ ಎಲ್ಲ ಸತ್ತಿರುತ್ತೆ. ನಾವು ನೋಡ್ತೀವಿ, ಏನೂ ಇಲ್ಲ. ಯೋಗ್ಯ ಅಂತ ಬರೀತೀವಿ."

"ತೊಳೆದದ್ದು ಗೊತ್ತಿದ್ದೂ ಬರೆದಿರಾ ತಾಯಿ?"

ಅವಳು ತಲೆ ತಗ್ಗಿಸಿದಳು. "ಬರೆದೆ. ಬಂದದ್ದನ್ನ ಬರೆಯೋದಷ್ಟೇ ನಿನ್ನ ಕೆಲಸ ಅಂದ್ರು ನಮ್ಮ ಮೇಲಿನವರು. ಬರೆದೆ."

ಅಲ್ಲಿ ಗೋಡೆಗೆ ಒಂದು ನಲ್ಲಿ ಇತ್ತು. ಹನಿ ಬೀಳುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಅಳು ಬರಲಿಲ್ಲ. ಆ ಕಾಗದಗಳನ್ನು ಹೊತ್ತುಕೊಂಡು ಹೋಗಿ ಕೊಟ್ಟವನು ನಾನು. ಸಾಹೇಬರು ಸುಳ್ಳು ಓದಿದ್ದನ್ನು ಮನೆಯಲ್ಲಿ ಹೇಳಿ ನಗಿಸಿದವನು ನಾನು. ಅವರಿಗೆ ಎಲ್ಲ ಗೊತ್ತಿತ್ತು. ನನ್ನ ನಾಚಿಕೆಯೂ ಗೊತ್ತಿತ್ತು. ಬೇರೆ ಯಾವನೇ ಆಗಿದ್ದರೂ ಬಾಟಲಿಯನ್ನು ಅಷ್ಟು ತಿಕ್ಕುತ್ತಿರಲಿಲ್ಲ. ಮುಟ್ಟಬೇಡ ಅನ್ನಿಸಿಕೊಂಡವನು ಮಾತ್ರ ಹಾಗೆ ತೊಳೆಯುತ್ತಾನೆ.

ಹೊರಡುವಾಗ ಅವಳು ಹೊಸ ಬಾಟಲಿಗಳ ಪೆಟ್ಟಿಗೆ ಕೊಟ್ಟಳು. "ಬ್ಲೀಚಿಂಗ್ ಜಾಸ್ತಿ ಹಾಕದ ದಿನ ತುಂಬಿ. ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ತೊಳೀಬೇಡಿ. ಈ ಸಲ ಏನು ಬರುತ್ತೋ ಅದನ್ನೇ ಬರೆದು ನಾನೇ ಸಹಿ ಮಾಡ್ತೀನಿ. ಇದು ನನ್ನ ಮಾತು."

ಕಚೇರಿಗೆ ಬಂದಾಗ ಸಾಹೇಬರು ಒಬ್ಬರೇ ಇದ್ದರು. ಒಂದು ಕಾಗದ ನನ್ನ ಮುಂದೆ ತಳ್ಳಿದರು. ವಿಚಾರಣೆಯ ದಿನ ಅಧಿಕಾರಿಯ ಮುಂದೆ ಇಡಬೇಕು, ಸಹಿ ಮಾಡು ಅಜ್ಜ ಅಂದರು. ನಾನು ಅಕ್ಷರ ಕೂಡಿಸತೊಡಗಿದೆ. ಅವರು ಗಡಿಯಾರ ನೋಡಿದರು. ನಾನು ಬಿಡಲಿಲ್ಲ. ನನ್ನ ಹೆಸರಲ್ಲಿ ಹೀಗೆ ಬರೆದಿತ್ತು: ನೀರನ್ನು ನಿಯಮದಂತೆ ತುಂಬಿದ್ದೇನೆ. ಓಣಿಯ ಜನ ಕೊಡಗಳನ್ನು ಸ್ವಚ್ಛವಾಗಿ ಇಟ್ಟುಕೊಳ್ಳುವುದಿಲ್ಲ. ರೋಗಕ್ಕೆ ಅದೇ ಕಾರಣವೆಂದು ನನಗೆ ತೋರುತ್ತದೆ.

ನಮ್ಮ ಓಣಿಯ ಕೊಡದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಹಾಗೆ ಬೆಳಗುತ್ತಾರೆ.

"ಲ್ಯಾಬಿನಮ್ಮ ಮೂರು ಕಾಗದ ಬರೆದಿದ್ದರು ಸಾಹೇಬರೇ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಅಜ್ಜ, ವರದಿ ಕೆಟ್ಟರೆ ಊರಿಗೆಲ್ಲ ಗಾಬರಿ. ಮೇಲಿನವರು ನನ್ನ ಕತ್ತು ಹಿಡೀತಾರೆ. ನಿನಗೆ ಅರ್ಥ ಆಗಲ್ಲ."

"ತೊಳೀಬೇಡ ಅಂತ ಒಂದು ಮಾತು ಹೇಳಬಹುದಿತ್ತು."

"ತೊಳಿ ಅಂತ ನಾನು ಹೇಳಿದ್ನಾ? ನೀನೇ ತೊಳೆದದ್ದು. ಬಾಟಲಿ ನೀನು ತುಂಬಿದ್ದು. ಚೀಟಿ ಮೇಲೆ ಸಹಿ ನಿಂದು. ಯೋಚನೆ ಮಾಡು. ಸಿಕ್ಕಿಬೀಳೋದು ಯಾರು?"

ಲೋಟ ಮುಂದೆ ತಳ್ಳಿದ ಅದೇ ಕೈ ಕಾಗದವನ್ನೂ ಮುಂದೆ ತಳ್ಳಿತು.

"ಮಾಡಲ್ಲ," ಅಂದೆ.

"ಏನು?"

"ಸಹಿ ಮಾಡಲ್ಲ."

ಮೂವತ್ತೊಂದು ವರ್ಷದಲ್ಲಿ ಆ ಕಚೇರಿಯಲ್ಲಿ ನಾನು ಆಡಿದ ಮೊದಲ 'ಇಲ್ಲ' ಅದು. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾಯಿತು.

ಓಣಿಗೆ ಬಂದು ಎಲ್ಲರನ್ನೂ ನಲ್ಲಿಯ ಹತ್ತಿರ ಕರೆದು ಹೇಳಿದೆ. ಹೀಗೆ ತೊಳೆದೆ, ಹೀಗೆ ತುಂಬಿದೆ, ಹೀಗೆ ಮೋಸ ಹೋದೆ. ನನ್ನ ಮಗ ಎದ್ದು ಹೋದ.

ಮರುದಿನ ನಮಗೆ ನೀರು ಬರುವ ಸರದಿ. ಟ್ಯಾಂಕಿಗೆ ಹಾಕಿದ್ದು ಮಾಮೂಲಿನ ಅರ್ಧ ಬಕೆಟ್ಟು. ಬಾಟಲಿ ಹಿಡಿದು ನಲ್ಲಿಯ ಹತ್ತಿರ ಹೋದೆ. ಮಗ ಅಡ್ಡ ಬಂದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ನೀನು ಮುಟ್ಟಬೇಡ. ಹೇಗೆ ಅಂತ ಹೇಳು. ನಾನು ತುಂಬ್ತೀನಿ."

ಮುಟ್ಟಬೇಡ ಎಂದು ನನಗೆ ಊರೆಲ್ಲ ಹೇಳಿತ್ತು. ಮಗ ಹೇಳಿದ್ದು ಮೊದಲ ಸಲ. ದೂರ ನಿಂತು ಹೇಳಿಕೊಟ್ಟೆ. ಸ್ವಲ್ಪ ಹೊತ್ತು ನೀರು ಹರಿಯಲಿ ಬಿಡು. ಮುಚ್ಚಳ ಮೇಲೆ ಹಿಡಿ. ಪುಡಿ ಹಾಗೇ ಇರಲಿ. ಕುತ್ತಿಗೆವರೆಗೆ ತುಂಬು, ಜಾಗ ಬಿಡು. ಅವನು ಹಾಗೇ ಮಾಡಿದ.

ಜೀಪು ಬಂತು. ಸಾಹೇಬರು ಇಳಿದರು. ಯಾರು ಹೇಳಿದರೋ.

"ಅದನ್ನ ಇಲ್ಲಿ ಕೊಡಿ. ಕಚೇರಿಯವರು ತುಂಬದೆ ಇದ್ದರೆ ಅದು ಲೆಕ್ಕಕ್ಕೆ ಬರಲ್ಲ."

ಗಂಟೆಯಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಹೌದಾ? ಹಾಗಾದರೆ ಕಚೇರಿಯವರು ನೀವೇ ಬಂದಿದೀರಲ್ಲ. ಇಗೋ, ಇನ್ನೊಂದು ಬಾಟಲಿ ಇದೆ. ನೀವೇ ತುಂಬಿ. ನಾವು ಸುತ್ತ ನಿಂತು ನೋಡ್ತೀವಿ. ತೊಳೆಯೋ ಹಾಗಿಲ್ಲ ಮತ್ತೆ!"

ಯಾರೋ ಕಿಸಕ್ಕೆಂದರು. ಸಾಹೇಬರು ಬಾಟಲಿ ನೋಡಿದರು, ನಲ್ಲಿ ನೋಡಿದರು, ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು. ಅವರ ಬಾಯಿಂದ ಈ ಸಲ ಅಜ್ಜ ಎಂಬ ಮಾತು ಬರಲಿಲ್ಲ.

"ಏನೋ, ಯಾರ ಎದುರು ನಿಂತಿದೀಯ ಗೊತ್ತೇನೋ ನಿನಗೆ?"

"ಗೊತ್ತು," ಅಂದೆ. "ಈಗ ಗೊತ್ತು."

ಗಂಟೆಯಕ್ಕ ಮತ್ತು ನನ್ನ ಮಗ ಬಸ್ಸಿಗೆ ಹೋದರು. ಲ್ಯಾಬಿನಮ್ಮ ಮಾತು ಉಳಿಸಿಕೊಂಡಳು. ಮೂರನೆಯ ದಿನ ವರದಿ ಬಂತು. ಕುಡಿಯಲು ಯೋಗ್ಯವಲ್ಲ. ಕೆಳಗೆ ಅವಳ ಸಹಿ. ಮರುದಿನವೇ ನನ್ನನ್ನು ಕೆಲಸದಿಂದ ತೆಗೆದರು. ಕಾರಣ, ಹನ್ನೊಂದು ವರ್ಷ ಬಾಟಲಿ ತಪ್ಪಾಗಿ ತುಂಬಿದ್ದು. ಸಾಹೇಬರು ಅದೇ ಕುರ್ಚಿಯಲ್ಲಿದ್ದಾರೆ. ಕೊಳವೆ ಅದೇ ಮೋರಿಯಲ್ಲಿದೆ. ಓಣಿಗೆ ಟ್ಯಾಂಕರು ಬರುತ್ತದೆ, ಬಂದ ದಿನ ಬರುತ್ತದೆ.

ವಿಚಾರಣೆಯ ಅಧಿಕಾರಿಗೆ ಓಣಿಯವರೆಲ್ಲ ಸೇರಿ ದೂರು ಬರೆಯುವುದೆಂದಾಯಿತು. ಬರೆಯಲು ಕೂತವಳು ಗಂಟೆಯಕ್ಕನ ಮಗಳು, ಕಾಲೇಜು ಓದುವವಳು. ಕೊಳವೆ ಎತ್ತಿಸಬೇಕು, ಪತ್ರ ಮುಚ್ಚಿಟ್ಟವರಿಗೆ ಶಿಕ್ಷೆಯಾಗಬೇಕು ಎಂದು ಬರೆದಳು. ಬಾಟಲಿಯ ಸಂಗತಿ ನಾನು ಹೇಳಿದೆ. ಲೋಟದಿಂದ ಲಕೋಟೆವರೆಗೆ ಒಂದೂ ಬಿಡದೆ ಹೇಳಿದೆ. ನನಗೆ ನೆನಪು ಚೆನ್ನಾಗಿದೆ. ಹುಡುಗಿ ಬರೆದು ಮುಗಿಸಿ, ಇಷ್ಟೇ ತಾನೇ ತಾತ ಅಂದಳು.

ಮಗ ಬಾಗಿಲಿಗೆ ಒರಗಿ ನಿಂತಿದ್ದ. ಹೆಂಡತಿ ಸತ್ತ ಮೇಲೆ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಈಗ ನೋಡಿದ.

"ಅವಳು ಬಂದು ಕೇಳಿದಾಗ ನೀನು ಏನಂದೆ? ಅದನ್ನೂ ಬರೆಸು."

ಇಷ್ಟೆಲ್ಲ ಹೇಳಿದ ನಾನು ಅದೊಂದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೂ ಇಲ್ಲಿಯವರೆಗೆ ಹೇಳದೆ ಬಂದೆ. ಹುಡುಗಿ ಪೆನ್ನು ಎತ್ತಿ ಹಿಡಿದು ಕಾದಳು.

"ಬರಿ ಮಗಳೇ," ಅಂದೆ. "ನನ್ನ ಸೊಸೆ ಕಾಯಿಲೆ ಬೀಳೋಕೆ ಮುಂಚೆ ನನ್ನ ಹತ್ತಿರ ಬಂದಳು. ಮಾವ, ನೀರು ನಾರುತ್ತೆ, ಕುಡಿಯೋಕೆ ಭಯ ಆಗುತ್ತೆ ಅಂದಳು. ನಾನು ಒಂದು ಲೋಟ ಬಗ್ಗಿಸಿ ನನ್ನ ಕೈಯಾರೆ ಕೊಟ್ಟೆ. ವರದಿ ಸರಿ ಇದೆ ಕಂದ, ಕುಡಿ ಅಂದೆ. ಕುಡಿದಳು."

ಹುಡುಗಿ ಬರೆದಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಅಷ್ಟನ್ನೂ ಓದಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಕೆಳಗೆ ಸಹಿ ಮಾಡಿದೆ.